ಗಿರಣಿ ಸುಭಾಷ ಹಾಕಿದ ಪರದೇಶದ ಸೋಗು

ತ್ಯಾಗಲಿ ದಾಟಿ ಸಿದ್ದಾಪುರದ ರಸ್ತೆಯಿಂದ ಒಳಗೆ ಹೊರಳಿದರೆ ಮೇಲಿನಕೇರಿ ಎಂಬ ಸಣ್ಣ ಊರು. ಅಲ್ಲಿ ಸುಭಾಷ ನಾಯ್ಕನ ಹಿಟ್ಟಿನ ಗಿರಣಿ ಇದೆ. ‘ಇದೆ’ ಎಂದು ಬರೆಯುವಾಗಲೇ ನನಗೆ ಸಿಟ್ಟು ಬರುತ್ತದೆ. ಗಿರಣಿ ಇದೆ, ಅದಕ್ಕೆ ಹೋಗುವ ದಾರಿ ಇಲ್ಲ. ದಾರಿ ಏನಾಯಿತು ಎಂದು ಆ ಊರಿನವರನ್ನು ಕೇಳಿ ನೋಡಿ, ಎಲ್ಲರೂ ಅಮೆರಿಕದಿಂದ ಶುರುಮಾಡುತ್ತಾರೆ. ಹಾಗಾಗಿ ನಾನೂ ಅಲ್ಲಿಂದಲೇ ಶುರುಮಾಡುತ್ತೇನೆ.

ಸುಭಾಷನಿಗೆ ಐವತ್ತರ ಆಸುಪಾಸು. ಸಣಕಲು ಮೈ, ಹುಬ್ಬಿನ ಮೇಲೆ, ರೆಪ್ಪೆಯ ಮೇಲೆ ಸದಾ ಹಿಟ್ಟಿನ ಪುಡಿ. ವೇಷ ಹಾಕುವ ಮೊದಲೇ ಅರ್ಧ ಬಣ್ಣ ಹಚ್ಚಿಕೊಂಡಂತೆ ಕಾಣುವ ಮನುಷ್ಯ. ಗಿರಣಿ ಅವನ ಅಪ್ಪ ಕೆರಿಯ ನಾಯ್ಕ ಹಾಕಿದ್ದು. ಕಲ್ಲಿನ ಗಿರಣಿಯಾದ್ದರಿಂದ ಹಿಟ್ಟು ಬಿಸಿಯಾಗದೆ ಬೀಳುತ್ತದೆ ಎಂದು ದೂರದಿಂದಲೂ ಜನ ಅಕ್ಕಿ ತರುತ್ತಾರೆ. ನಮ್ಮ ಮನೆಯವಳಿಗೆ ಶಿರಸಿಯ ಯಾವ ಹಿಟ್ಟೂ ಹಿಟ್ಟಲ್ಲ. ಅವಳ ಚೀಲ ಹೊತ್ತು ನಾನೂ ಅಲ್ಲಿಗೆ ಹೋಗುವವನೇ. ಬೀಸುವುದು ಅವನ ಕಸುಬು, ಮಾತನ್ನೂ ಚೆನ್ನಾಗಿಯೇ ಬೀಸುತ್ತಿದ್ದ. ಆದರೆ ಎಲ್ಲರ ಮಾತು ಅಡಿಕೆ ದರದ ಸುತ್ತ ತಿರುಗುವಾಗ ಇವನ ಮಾತು ಅಟ್ಲಾಂಟಿಕ್ ದಾಟಿ ಹೋಗುತ್ತಿತ್ತು.

ಮೊದಲು ಅವನೂ ನಮ್ಮಂತೆ ಕನ್ನಡದ ಸುದ್ದಿ ವಾಹಿನಿಯನ್ನೇ ನೋಡುತ್ತಿದ್ದ. ಎಂಟು ಚೌಕದಲ್ಲಿ ಎಂಟು ಜನ ಕೂತು ಒಟ್ಟಿಗೇ ಕೂಗುವುದು, ಗಿರಣಿಯ ಮೋಟರು ಅವರ ಮೇಲೆ ಕೂಗುವುದು. ಒಂದು ದಿನ ಸಿದ್ದಾಪುರದಲ್ಲಿ ಬಿ.ಕಾಂ. ಓದುವ ಮಗಳು ದಿವ್ಯಾ ಅಪ್ಪನ ಮೊಬೈಲಿನಲ್ಲಿ ಬೇರೆಯದನ್ನು ಹಚ್ಚಿಕೊಟ್ಟಳು. ಸೂಟು ಹಾಕಿದ ಒಬ್ಬ ಮೇಜಿನ ಹಿಂದೆ ಕೂತು, ಪಕ್ಕದಲ್ಲಿ ಒಂದು ಮಗ್ಗು ಇಟ್ಟುಕೊಂಡು, ತನ್ನದೇ ದೇಶದ ಅಧ್ಯಕ್ಷನನ್ನು ಅಣಕಿಸುತ್ತಿದ್ದ. ಜನ ಬಿದ್ದು ಬಿದ್ದು ನಗುತ್ತಿದ್ದರು.

ಸುಭಾಷನಿಗೆ ಅರ್ಧ ಜೋಕು ತಿಳಿಯಲಿಲ್ಲ. ನಾನು ಕಾನ್ವೆಂಟಿನಲ್ಲಿ ಸಿಸ್ಟರುಗಳ ಸ್ಕೇಲಿನ ಏಟಿಗೆ ಕಲಿತ ಇಂಗ್ಲಿಷನ್ನು ಅವನು ಪರದೆಯ ಕೆಳಗೆ ಓಡುವ ಅಕ್ಷರಗಳಿಂದ ಏಟಿಲ್ಲದೆ ಕಲಿಯುತ್ತಿದ್ದ, ಏಟಿಲ್ಲದ ಕಲಿಕೆಯಲ್ಲಿ ಇರುವಷ್ಟು ತಪ್ಪುಗಳೂ ಇದ್ದವು. ಅವನನ್ನು ಹಿಡಿದದ್ದು ಜೋಕಲ್ಲ. ದೊರೆಯನ್ನು ಹಾಗೆ ಹೀಯಾಳಿಸಿದವನು ಮರುದಿನ ಏನಾದ ಎಂದು ನೋಡುವ ಕುತೂಹಲ. ಮರುದಿನ ಬೆಳಿಗ್ಗೆ ಹುಡುಕಿ ನೋಡಿದರೆ ಅದೇ ಮನುಷ್ಯ, ಅದೇ ಕುರ್ಚಿ, ಅದೇ ಮಗ್ಗು.

“ಇನ್ನೂ ಕೂತಾನೆ ಮಾರಾಯ್ರೆ!” ಎಂದು ನನಗೆ ಹೇಳಿದಾಗ ಅವನ ಬಿಳಿ ರೆಪ್ಪೆಗಳು ಅರಳಿದ್ದವು. “ನಿನ್ನೆ ಹಂಗೆ ಬೈದು ಇವತ್ತೂ ಕೂತಾನೆ. ಯಾರೂ ಮುಟ್ಟಲಿಲ್ಲ!”

ಅಂದಿನಿಂದ ದಿನವೂ ಹಾಜರಿ. ಅಲ್ಲಿಯ ನಡುರಾತ್ರಿಯ ನಗೆ ನಮ್ಮಲ್ಲಿಗೆ ಬೆಳಗಿನ ದೋಸೆಯ ಹೊತ್ತಿಗೆ ಬಂದು ಮುಟ್ಟುತ್ತದಲ್ಲ, ಹಿಟ್ಟಿನ ಗಿರಣಿಯವನಿಗೆ ಅದೇ ಹಿಟ್ ಕಾರ್ಯಕ್ರಮವಾಯಿತು. ಒಬ್ಬ ಮುಗಿದರೆ ಇನ್ನೊಬ್ಬ, ಅವನಾದರೆ ಮತ್ತೊಬ್ಬ. ಜೊತೆಗೆ ಬಿಬಿಸಿ. ಸೆನೆಟ್ ಎಂದರೆ ಜಿಲ್ಲಾ ಪಂಚಾಯತಕ್ಕಿಂತ ಮೆಟ್ಟಿಲು ಜಾಸ್ತಿ ಇರುವ ಕಟ್ಟಡ ಎಂದುಕೊಂಡಿದ್ದ. ರಿಪಬ್ಲಿಕನ್ನರು ಜನವರಿ ಇಪ್ಪತ್ತಾರಕ್ಕೆ ಸಂಬಂಧಪಟ್ಟವರು ಎಂದು ಬಹಳ ಕಾಲ ನಂಬಿದ್ದ. ಆದರೆ ಅಲ್ಲಿಯ ಅನ್ಯಾಯಗಳಿಗೆ ಅವನು ಪಡುತ್ತಿದ್ದ ಸಂಕಟದಲ್ಲಿ ತಪ್ಪಿರಲಿಲ್ಲ.

“ಎಂತದಾ ಸುಭಾಷ, ಮೊಖ ಸಪ್ಪಗದೆ?” ಎಂದು ಒಮ್ಮೆ ಕೇರಿಯ ಹಿರಿಯಳಾದ ದೇವಕ್ಕ ಅಕ್ಕಿಯ ಚೀಲ ಇಳಿಸುತ್ತ ಕೇಳಿದಳು.

“ಆ ಪುಣ್ಯಾತ್ಮ ಮತ್ತೆ ಸುಂಕ ಏರಿಸಿದ ದೇವಕ್ಕಾ.”

“ಯಾರಾ? ಪಂಚಾಯ್ತಿಯವರಾ?”

“ಅಮೆರಿಕದಂವ.”

“ಹಂಗಾರೆ ನನ್ನ ಅಕ್ಕಿ ಬೀಸೂಕೆ ಅಡ್ಡಿ ಇಲ್ಲಲ?”

ಇನ್ನೊಮ್ಮೆ ಅಲ್ಲಿ ಹಾಸ್ಯಗಾರನೊಬ್ಬನ ಕಾರ್ಯಕ್ರಮವನ್ನೇ ಕೆಲವು ದಿನ ನಿಲ್ಲಿಸಿದರು. ಬೆಳಿಗ್ಗೆ ಹಾಜರಿ ಕರೆದರೆ ಕುರ್ಚಿ ಖಾಲಿ. ಸುಭಾಷ ಮೋಟರಿನ ಸ್ವಿಚ್ಚು ಆರಿಸಿ, ಬಾಗಿಲಿಗೆ ಚಿಲಕ ಹಾಕಿ, ಕಟ್ಟೆಯ ಮೇಲೆ ಕೂತುಬಿಟ್ಟ. ತೋಟದ ಕಡೆಯಿಂದ ಅಕ್ಕಿ ಹಿಡಿದು ಬಂದ ಸುಬ್ಬಲಕ್ಷ್ಮಿ ಅಮ್ಮನಿಗೆ ದಿಗಿಲು.

“ಎಂತ ಆತಾ ತಮಾ? ಯಾರಾದ್ರೂ ಹೋದ್ವ?”

“ಅಮೆರಿಕದಲ್ಲಿ ಒಬ್ಬನ ಬಾಯಿ ಬಂದ್ ಮಾಡಿದ್ರು ಅಮ್ಮಾ. ಅದ್ಕೆ ನಾನೂ ಇವತ್ತು ಬಂದ್.”

“ಅವನ ಬಾಯಿ ಬಂದಾದ್ರೆ ಆನು ಎಂತ ಮಾಡವು? ನಮ್ಮನೆಲಿ ಎಲ್ಲರ ಬಾಯಿ ತೆರಕಂಡು ಕೂತಿದ್ದು. ಹಿಟ್ಟು ಇಲ್ಲೆ!”

ಆ ದಿನ ಒಳಗಿನಿಂದ ಬಂದು ಮೋಟರು ಹಾಕಿದವಳು ಅವನ ಹೆಂಡತಿ ದೇವಿ. ದೇವಿಗೆ ಅಮೆರಿಕ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಉಮೇದೂ ಇಲ್ಲ. ಕಲ್ಲು ಯಾವಾಗ ಸವೆಯಿತು, ಯಾರ ಚೀಲ ಯಾವುದು ಎನ್ನುವುದು ಅವಳಿಗೆ ಸಾಕು. “ನಿಮ್ಮ ಗಂಡ ಎಲ್ಲಿ?” ಎಂದು ಕೇಳಿದವರಿಗೆ ಅವಳು “ವಾಷಿಂಗ್ಟನ್ನಿಗೆ ಹೋಗ್ಯಾರೆ, ಚಾ ಕುಡಿಯೂಕೆ ಬತ್ತಾರೆ” ಎನ್ನುತ್ತಿದ್ದಳು.

ಇಷ್ಟರವರೆಗೆ ಯಾರಿಗೂ ಏನೂ ತೊಂದರೆ ಇರಲಿಲ್ಲ. ತೊಂದರೆ ಶುರುವಾದದ್ದು ಹೋಳಿಯಲ್ಲಿ.

ಶಿರಸಿಯಲ್ಲಿ ಹೋಳಿಗೆ ಬೇಡರ ವೇಷ ಕುಣಿದರೆ ಮೇಲಿನಕೇರಿಯಲ್ಲಿ ಸೋಗು. ಹುಣ್ಣಿಮೆಯ ಮರುದಿನ ಬೆಳಿಗ್ಗೆ ಊರಿನ ಯಾರಾದರೂ ಒಬ್ಬ ಊರಿನ ಇನ್ನೊಬ್ಬನಂತೆ ವೇಷ ಹಾಕಿ, ನಡೆ ನುಡಿ ಅಣಕಿಸುತ್ತ ಮನೆ ಮನೆಗೆ ಹೋಗಬೇಕು. ಯಾರ ಸೋಗು ಎಂದು ಬಾಯಿಬಿಟ್ಟು ಹೇಳುವಂತಿಲ್ಲ. ನೋಡಿದವರು ಗುರುತು ಹಿಡಿಯಬೇಕು. ಗುರುತು ಸಿಕ್ಕಿದ ಮೇಲೆ ಆ ಅಸಲಿ ಮನುಷ್ಯ ಜಗುಲಿಗೆ ಬಂದು, ಎಲ್ಲರ ಎದುರು ನಕ್ಕು, ಸೋಗಿನವನಿಗೆ ತೆಂಗಿನಕಾಯಿ ಕೊಡಬೇಕು. ಸಿಟ್ಟು ಮಾಡುವ ಹಾಗಿಲ್ಲ. ಒಡೆಯನಾಗಲಿ, ಊರಗೌಡನಾಗಲಿ, ಆ ಬೆಳಿಗ್ಗೆ ಕಾಯಿ ಕೊಟ್ಟು ನಗುವುದೇ ಮರ್ಯಾದೆ. ಕೆರಿಯ ನಾಯ್ಕ ತನ್ನ ಕಾಲದಲ್ಲಿ ಫಾರೆಸ್ಟ್ ಗಾರ್ಡನ ಸೋಗು ಹಾಕಿ ಗಾರ್ಡನ ಕೈಯಲ್ಲೇ ಕಾಯಿ ತೆಗೆದುಕೊಂಡಿದ್ದನಂತೆ. ಗಾರ್ಡನ ಬಿಡಾರ ಊರೊಳಗೇ ಇತ್ತು, ಹಾಗಾಗಿ ನಡೆಯಿತು. ಊರಿನ ಹೊರಗಿನವರ ಸೋಗು ಮಾತ್ರ ಹಾಕುವಂತಿಲ್ಲ. ಹೊರಗಿನವನಾದರೆ ಕಾಯಿ ಕೊಡಲು ಜಗುಲಿ ಎಲ್ಲಿದೆ?

ಈ ಒಂದು ನಿಯಮವನ್ನು ಸುಭಾಷ ಮರೆತ. ಪರದೇಶದ ಅಧ್ಯಕ್ಷನನ್ನು ದಿನವೂ ಬೆಳಿಗ್ಗೆ ಗಿರಣಿಯೊಳಗೆ ನೋಡಿ ನೋಡಿ, ಅವನೂ ಇದೇ ಕೇರಿಯವನು ಎನ್ನುವಷ್ಟು ಸಲಿಗೆ ಬಂದಿತ್ತೋ ಏನೋ. ಬನವಾಸಿ ಕಡೆಯಿಂದ ಗೋವಿನಜೋಳದ ಒಣಗಿದ ಜುಟ್ಟು ತರಿಸಿ ಟೋಪಿಗೆ ಹೊಲಿದ. ಮುಖಕ್ಕೆ ಅರಿಶಿನ ಕುಂಕುಮ ಕಲಸಿ ಬಳಿದ. ದೇವಿಯ ಹಳೆಯ ಕೆಂಪು ಸೀರೆಯ ಅಂಚು ಹರಿದು ಮೊಣಕಾಲಿನವರೆಗೆ ಇಳಿಬಿಡುವ ಟೈ ಮಾಡಿಕೊಂಡ. ಒಂದು ಮೊರವನ್ನು ಮೇಜಿನಂತೆ ಎದೆಗೆ ಕಟ್ಟಿ, ಇದ್ದಿಲಿನ ತುಂಡಿನಿಂದ ಕಾಗದದ ಮೇಲೆ ಇಷ್ಟು ದಪ್ಪ ಸಹಿ ಹಾಕಿ ಎತ್ತಿ ಎಲ್ಲರಿಗೂ ತೋರಿಸುವುದು.

“ಈ ಬಾವಿಗೆ ನನ್ನ ಹೆಸರು! ಈ ಎಮ್ಮೆಗೂ ನನ್ನ ಹೆಸರು! ನನ್ನಂಥ ಸೈನು ಇಡೀ ಜಗತ್ತಲ್ಲಿ ಯಾರೂ ಮಾಡಿಲ್ಲ, ಎಲ್ಲರೂ ಹೇಳ್ತಾರೆ!”

ಮೊದಲ ಮನೆಗಳಲ್ಲಿ ಜನ ಮಿಕಮಿಕ ನೋಡಿದರು. ಸೋಗು ಎಂದ ಮೇಲೆ ಊರಿನವನೇ ಇರಬೇಕು. ಯಾರಪ್ಪ ಇವ? ದೇವಕ್ಕ ತನ್ನ ಜಗುಲಿಯಲ್ಲಿ ಕೂತು ಕಣ್ಣು ಕಿರಿದು ಮಾಡಿ ನೋಡಿದಳು. ಕೆಂಪು ಕೂದಲು. ಎಲ್ಲದಕ್ಕೂ ತನ್ನ ಹೆಸರು. ತನ್ನನ್ನು ತಾನೇ ಹೊಗಳುವುದು.

“ಅಯ್ಯಯ್ಯೋ, ನಮ್ಮ ಭದ್ರಣ್ಣ!” ಎಂದು ತೊಡೆ ತಟ್ಟಿದಳು.

ಕೇರಿಗೆ ಕೇರಿಯೇ ನಗತೊಡಗಿತು.

ಭದ್ರಣ್ಣ ಎಂದರೆ ಗುತ್ತಿಗೆದಾರ ವೀರಭದ್ರ ನಾಯ್ಕ, ದೇವಸ್ಥಾನ ಸಮಿತಿಯ ಮುಖ್ಯಸ್ಥ. ಊರಿನ ಹಳ್ಳಗಳಿಗೆ ಸಂಕ ಎಂಬ ಕಿರುಸೇತುವೆ ಹಾಕಿಸುವುದು, ಬಸ್ಸಿಗೆ ಕಾಯುವವರಿಗೆ ಮಾಡು ಕಟ್ಟಿಸುವುದು ಅವನ ಕೆಲಸ. ಸಂಕ ಭದ್ರವಾಗಿ ಇರದಿದ್ದರೂ ಅದರ ಮೇಲಿನ ‘ವೀರಭದ್ರ ನಾಯ್ಕ’ ಎಂಬ ಬರಹ ಭದ್ರವಾಗಿರುತ್ತಿತ್ತು. ಬಿಳಿ ಕೂದಲಿಗೆ ಮದರಂಗಿ ಹಚ್ಚುತ್ತಾನೆ, ಬಿಸಿಲಿಗೆ ಅದು ಕೆಂಡದಂತೆ ಹೊಳೆಯುತ್ತದೆ. ಪರದೇಶದವನದು ಸುಂಕ, ನಮ್ಮವನದು ಸಂಕ, ನಡುವೆ ಒಂದು ಕೊಂಬಿನ ವ್ಯತ್ಯಾಸ. ಆ ಕೊಂಬೂ ಹೋಳಿಯ ಮರುವಾರ ಮೂಡಿತು.

ತಮಾಷೆ ಏನೆಂದರೆ ಸುಭಾಷನಿಗೆ ಇದೊಂದೂ ಹೊಳೆದಿರಲಿಲ್ಲ. ಬಣ್ಣದೊಳಗಿದ್ದ ಅವನಿಗೆ ಕೇಳಿದ್ದು ನಗು ಮಾತ್ರ. ಊರಿನವರಿಗೂ ವಿದೇಶದ ರಾಜಕೀಯ ಗೊತ್ತಿದೆಯಲ್ಲ ಎಂದು ಹಿಗ್ಗಿದ. ಹಿಗ್ಗಿನಲ್ಲೇ, ಸೋಗಿನ ಜೊತೆ ಜಾಗಟೆ ಬಡಿಯುವವರೊಂದಿಗೆ ಭದ್ರಣ್ಣನ ಅಂಗಳಕ್ಕೂ ಹೋದ. ಅಲ್ಲಿ ಇನ್ನಷ್ಟು ಜೋರಾಗಿ ಸಹಿ ಹಾಕಿ ತೋರಿಸಿದ. ಹಿಂದೆ ಇಡೀ ಊರು ಕಾಯುತ್ತಿತ್ತು. ಭದ್ರಣ್ಣ ಜಗುಲಿಗೆ ಬಂದ, ನೋಡಿದ, ನಗಲಿಲ್ಲ, ಕಾಯಿ ತರಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

“ಭದ್ರಣ್ಣಗೆ ಅಮೆರಿಕದ ಮೇಲೆ ಇಷ್ಟು ಪ್ರೀತಿ ಅಂತ ನಂಗೆ ಗೊತ್ತೇ ಇರ್ಲಿಲ್ಲ” ಎಂದು ಸುಭಾಷ ಮನೆಗೆ ಬಂದು ದೇವಿಗೆ ಹೇಳಿದನಂತೆ. ದೇವಿ ತಲೆಯ ಮೇಲೆ ಕೈಹೊತ್ತು ಕೂತಳು.

ಸುಭಾಷನ ಗಿರಣಿಗೂ ಡಾಂಬರು ರಸ್ತೆಗೂ ನಡುವೆ ಭದ್ರಣ್ಣನ ಬೇಣ ಇದೆ, ಹುಲ್ಲು ಬೆಳೆಯುವ ಖಾಲಿ ಜಾಗ. ಅದರ ಅಂಚಿನಲ್ಲಿ ಗಾಡಿ ಹೋಗುವಷ್ಟು ಅಗಲದ ದಾರಿ. ಕೆರಿಯ ನಾಯ್ಕನ ಕಾಲದಿಂದಲೂ ಊರೆಲ್ಲ ಓಡಾಡಿದ ದಾರಿ, ಯಾರೂ ಯಾರನ್ನೂ ಕೇಳದೆ ನಡೆದ ದಾರಿ. ಅದಿಲ್ಲವಾದರೆ ಉಳಿಯುವುದು ಹಿಂದಿನ ಗದ್ದೆಯ ಹಾಳಿ, ಕಿರಿದಾದ ಬದು ಮಾತ್ರ, ಒಬ್ಬರು ನಡೆದರೆ ಇನ್ನೊಬ್ಬರು ಕೆಸರಿಗೆ. ತಲೆಯ ಮೇಲೆ ಅಕ್ಕಿ ಮೂಟೆ ಹೊತ್ತು ಅಲ್ಲಿ ಬರುವವರು ಯಾರು? ಜನ ಬಾರದ ಗಿರಣಿಯಲ್ಲಿ ಬೀಸುವುದು ಗಾಳಿಯೊಂದೇ.

ಹೋಳಿಯ ಮರುವಾರ ಟ್ರ್ಯಾಕ್ಟರಿನಲ್ಲಿ ಕೆಂಪುಕಲ್ಲು ಬಂತು. ಸಂಕ ಕಟ್ಟಲು ಮಳೆಗಾಲದವರೆಗೆ ಸತಾಯಿಸುವ ಭದ್ರಣ್ಣನ ಗೌಂಡಿಗಳು ಇಲ್ಲಿ ಊಟಕ್ಕೂ ಏಳದೆ ಕೆಲಸ ಮಾಡಿದರು. ದಾರಿಗೆ ಅಡ್ಡವಾಗಿ ಎದೆಮಟ್ಟದ ಗೋಡೆ ಎದ್ದಿತು. ಸುಭಾಷ ಹಿಟ್ಟಿನ ಮೈಯಲ್ಲೇ ಓಡಿ ಹೋದ.

“ಭದ್ರಣ್ಣಾ, ಇದೆಂತ ಇದು?”

“ಕಾಂಪೌಂಡು. ನನ್ನ ಜಾಗ, ನನ್ನ ಕಲ್ಲು.”

“ಮತ್ತೆ ದಾರಿ?”

“ದಾರಿ ಬೇಕಾದವ ನನ್ನ ಕೂದಲ ಸುದ್ದಿಗೆ ಬರಬಾರದಿತ್ತು.”

“ನಿಮ್ಮ ಕೂದಲಾ?” ಎಂದ ಸುಭಾಷ. ಹುಟ್ಟಿದಾಗಿನಿಂದ ನೋಡಿದ ಆ ತಲೆಯನ್ನು ಅವನು ಸರಿಯಾಗಿ ನೋಡಿದ್ದು ಆಗಲೇ. ಬೆಳಗಿನ ಬಿಸಿಲು ನೆತ್ತಿಯ ಮೇಲೆ ಬಿದ್ದಿತ್ತು. ಬಾಯಿಗೆ ಬಂದ ನಗುವನ್ನು ಕೈಯಿಂದ ಒತ್ತಿಹಿಡಿದ. ಅದನ್ನೂ ಭದ್ರಣ್ಣ ನೋಡಿದ.

ಊರಿನವರು ಏನು ಮಾಡಿದರು? ಹೋಳಿಯ ದಿನ ಹೊಟ್ಟೆ ಹಿಡಿದು ನಕ್ಕವರು, ಸಹಿಯ ಕಾಗದವನ್ನು ಮನೆಗೆ ಒಯ್ದು ಗೋಡೆಗೆ ಅಂಟಿಸಿದವರು, ಈಗ ಒಬ್ಬೊಬ್ಬರಾಗಿ ಬಂದು ಸುಭಾಷನಿಗೆ ಬುದ್ಧಿ ಹೇಳಿದರು. “ನೀ ಅಷ್ಟು ಜೋರಾಗಿ ಮಾಡೂಕಾಗಿತ್ತಿಲ್ಲ.” “ದೊಡ್ಡವರ ಸಂಗತಿ ನಮಗೆಂತಕ್ಕೆ?” ನಗುವಾಗ ಇಡೀ ಊರಿನ ಪಾಲು, ನಗಿಸಿದ್ದಕ್ಕೆ ತೆರುವಾಗ ಒಬ್ಬನ ಪಾಲು! ಆ ಪರದೇಶದಲ್ಲಿಯೂ ಹೀಗೆಯೇ ಎಂದು ಸುಭಾಷನೇ ಹೇಳುತ್ತಾನೆ. ಆದರೆ ಅಲ್ಲಿ ಬಾಯಿ ಬಿಟ್ಟವನ ಹಿಂದೆ ವಕೀಲರ ದಂಡು ಇರುತ್ತದೆ. ಇವನ ಹಿಂದೆ ಇದ್ದದ್ದು ಕೆಸರು ತುಂಬಿದ ಒಂದು ಗದ್ದೆ.

ಮನೆಯಲ್ಲಿ ದೇವಿ ಅವನನ್ನು ಸುಮ್ಮನೆ ಬಿಡಲಿಲ್ಲ.

“ನಿಮ್ಮ ಸೋಗು ಅವರದ್ದಲ್ಲ ತಾನೆ?”

“ಅಲ್ಲ, ದೇವರಾಣೆ ಅಲ್ಲ.”

“ಹಂಗಾರೆ ಹೋಗಿ ಅಲ್ಲ ಅಂತ ಹೇಳಿ. ಇದ್ದದ್ದು ಇದ್ದ ಹಂಗೆ ಹೇಳೂಕೆ ಎಂತ ಕಷ್ಟ? ಬೆಳಗಾದ್ರೆ ಅಷ್ಟು ಇಂಗ್ಲೀಷ್ ಕೇಳ್ತೀರಿ, ನಾಲ್ಕು ಮಾತು ಕನ್ನಡದಲ್ಲಿ ಹೇಳೂಕೆ ಬರೂದಿಲ್ವ?”

ಅದೂ ಸರಿಯೇ. ಹೈಸ್ಕೂಲಿನ ಚನ್ನಬಸವ ಮಾಸ್ತರು ನಡುವೆ ಬಂದು ಮಾತು ಕೂಡಿಸಿದರು. ಬನವಾಸಿ ಕಡೆಯವರು, ಎರಡೂ ಕಡೆಗೆ ಬೇಕಾದವರು. ಭದ್ರಣ್ಣನ ಷರತ್ತು ಇಷ್ಟೇ: ದೇವಸ್ಥಾನದ ಎದುರು ಊರು ಸೇರಿದಾಗ ಸುಭಾಷ ಎದ್ದು ನಿಂತು, ಆ ಸೋಗು ಭದ್ರಣ್ಣನದ್ದಲ್ಲ ಎಂದು ಹೇಳಬೇಕು. ಹೇಳಿದರೆ ಮರುದಿನವೇ ಗೋಡೆ ತೆಗೆಯುತ್ತಾನೆ. ಸತ್ಯವನ್ನು ಹೇಳಿದರೆ ದಾರಿ ಸಿಗುತ್ತದೆ ಎನ್ನುವ ಇಂಥ ಸುಲಭದ ವ್ಯವಹಾರ ಈ ದೇಶದಲ್ಲಿ ಎಲ್ಲಾದರೂ ನಡೆದದ್ದುಂಟೇ? ಹಿಟ್ಟಿನ ನೆಪ ಮಾಡಿಕೊಂಡು ನಾನೂ ಆ ದಿನ ಹೋಗಿ ಹಿಂದೆ ನಿಂತಿದ್ದೆ.

ಸುಭಾಷ ಇಸ್ತ್ರಿ ಅಂಗಿ ಹಾಕಿ ಬಂದಿದ್ದ. ರೆಪ್ಪೆಯ ಹಿಟ್ಟು ತೊಳೆದಿದ್ದರಿಂದ ಬೇರೆ ಯಾರೋ ಅನ್ನಿಸುತ್ತಿತ್ತು.

“ಹೇಳ್ರಿ ಸುಭಾಷ” ಎಂದರು ಮಾಸ್ತರು. “ಅಂಜಬ್ಯಾಡ್ರಿ. ಇದ್ದದ್ದು ಹೇಳ್ರಿ.”

“ಆ ಸೋಗು ಭದ್ರಣ್ಣಂದಲ್ಲ. ಅಮೆರಿಕದ ಅಧ್ಯಕ್ಷಂದು. ನಂಬೂದಿಲ್ಲ ಅಂದ್ರೆ ಇಲ್ಲಿ ನೋಡಿ.”

ಇಲ್ಲಿಗೆ ನಿಲ್ಲಿಸಿದ್ದರೆ ಎಲ್ಲವೂ ಮುಗಿಯುತ್ತಿತ್ತು. ಆದರೆ ಅವನು ಪುರಾವೆ ತಂದಿದ್ದ. ಮೊಬೈಲು ತೆಗೆದು ಮಾಸ್ತರ ಕೈಗೆ ಕೊಟ್ಟ. ಮಾಸ್ತರು ಅದನ್ನು ಎತ್ತಿ ಹಿಡಿದರು, ಯಾರೋ ಮೈಕನ್ನು ಅದರ ಬಾಯಿಗೆ ತಂದರು. ಗಂಟೆ, ಶಂಖ ಬಿಟ್ಟು ಬೇರೇನೂ ಕೇಳದ ಆ ಗುಡಿಯ ಧ್ವನಿವರ್ಧಕದಲ್ಲಿ ಸೂಟಿನವನ ಇಂಗ್ಲಿಷು ಊರಿಡೀ ಮೊಳಗಿತು. ಜನ ಮುಂದೆ ನೂಕಿಕೊಂಡು ಬಂದರು. ಪರದೆಯ ಮೇಲೆ ಆ ದೊಡ್ಡ ದೇಶದ ದೊಡ್ಡ ಮನುಷ್ಯ ಸಹಿ ಹಾಕಿ ಕಾಗದ ಎತ್ತಿ ತೋರಿಸುತ್ತಿದ್ದ.

ಹಿಂದಿನಿಂದ ಭದ್ರಣ್ಣನ ಗೌಂಡಿಯೊಬ್ಬ, ಗೋಡೆ ಕಟ್ಟಿದವನೇ, ತಡೆಯಲಾರದೆ ಅಂದುಬಿಟ್ಟ: “ಹೋ! ಅದೇ ಬಾಯಿ!”

“ಕೈ ತಿರುಗಿಸೂದು ನೋಡಾ, ಸಂಕದ ಉದ್ಘಾಟನೆಗೆ ಹಿಂಗೇ ಅಲ್ಲನಾ?” ಎಂದ ಇನ್ನೊಬ್ಬ.

“ಅಯ್ಯ, ಭದ್ರಣ್ಣನ ಸೋಗು ಅಮೆರಿಕದಲ್ಲೂ ಹಾಕ್ಯಾರಲ್ರಾ!” ಎಂದಳು ದೇವಕ್ಕ.

ಆಮೇಲೆ ಯಾರನ್ನೂ ಹಿಡಿಯುವಂತಿರಲಿಲ್ಲ. ಅತ್ತ ಪರದೆಯ ಜನ ನಗುತ್ತಿದ್ದರು, ಇತ್ತ ಗುಡಿಯ ಅಂಗಳ ನಗುತ್ತಿತ್ತು, ಧ್ವನಿವರ್ಧಕದಲ್ಲಿ ಎರಡೂ ಸೇರಿ ಗುಡ್ಡದಾಚೆಗೂ ಕೇಳಿರಬೇಕು. ಹೆಂಗಸರ ಸಾಲಿನಲ್ಲಿ ಭದ್ರಣ್ಣನ ಹೆಂಡತಿ ಮಹೇಶ್ವರಿ ಸೆರಗನ್ನು ಬಾಯಿಗೆ ತುರುಕಿಕೊಂಡು ಗುಡಿಯ ಗೋಡೆಯ ಕಡೆ ತಿರುಗಿ ಕೂತಿದ್ದಳು. ಭುಜ ಮಾತ್ರ ಕುಣಿಯುತ್ತಿತ್ತು. ನಿರಪರಾಧಿ ಎನ್ನಲು ತಂದ ಸಾಕ್ಷಿಯೇ ಅಪರಾಧದ ಸಾಕ್ಷಿಯಾಗುವುದನ್ನು ನಾನು ಮೊದಲ ಬಾರಿ ಕಂಡೆ.

ಭದ್ರಣ್ಣ ಎದ್ದು ನಿಂತ. ಮುಖವೂ ಕೂದಲೂ ಒಂದೇ ಬಣ್ಣಕ್ಕೆ ಬಂದಿದ್ದವು.

“ನಿಲ್ಸಿ ಅದ! ಮಾಸ್ತರೇ, ಈಗ ನನ್ನ ಮಾತು ಬೇರೆ. ಇವ ಒಪ್ಪಿಕೊಳ್ಳಲಿ. ನನ್ನದೇ ಸೋಗು ಹಾಕಿದ್ದೆ, ತಪ್ಪಾಯ್ತು ಅಂತ ಕೈಮುಗಿಯಲಿ. ಗೋಡೆ ನಾಳೆ ಬೀಳ್ತದೆ. ಇಲ್ದಿದ್ರೆ ಹಂಗೇ ಇರ್ತದೆ.”

ಒಂದು ಗಳಿಗೆಯ ಹಿಂದೆ ‘ನನ್ನದಲ್ಲ ಅನ್ನು’ ಎಂದವನು ಈಗ ‘ನನ್ನದೇ ಅನ್ನು’ ಎನ್ನುತ್ತಿದ್ದ. ಸತ್ಯ ಏನು ಎಂಬ ಪ್ರಶ್ನೆಯೇ ಅಲ್ಲಿರಲಿಲ್ಲ. ಕೈ ಮುಗಿಯಬೇಕು, ಅಷ್ಟೇ. ಅದಕ್ಕೆ ಊರಿನ ಹಿರಿಯರು ಏನಂದರು ಗೊತ್ತೇ? ಈಗಷ್ಟೇ ಕಣ್ಣೀರು ಬರುವಂತೆ ನಕ್ಕ ಹಿರಿಯರು ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಂಡು “ಅದೂ ಸರಿಯೇ” ಎಂದರು! ನನಗೆ ಭದ್ರಣ್ಣನಿಗಿಂತ ಹೆಚ್ಚು ಸಿಟ್ಟು ಬಂದದ್ದು ಆ ‘ಅದೂ ಸರಿಯೇ’ ಎಂಬ ಮಾತಿಗೆ. ನಮ್ಮ ಸೀಮೆಯಲ್ಲಿ ಅದೆಷ್ಟು ಗೋಡೆಗಳು ಈ ಗಾರೆಯ ಮೇಲೆ ನಿಂತಿವೆಯೋ.

“ಮುಗಿಸ್ರಿ ಅತ್ಲಾಗ” ಎಂದರು ಮಾಸ್ತರು ತಗ್ಗಿದ ದನಿಯಲ್ಲಿ. “ಒಂದ್ ಮಾತ್ ಅಂದ್ರ ಏನ್ ಗಂಟು ಹೋಗ್ತೈತ್ರಿ?”

ಸುಭಾಷ ದೇವಿಯ ಕಡೆ ನೋಡಿದ. ದೇವಿ ‘ಹೇಳಿ’ ಎಂದು ಗೋಣು ಆಡಿಸಿದಳು. ಅವನು ಕೈಗಳನ್ನು ಮುಂದೆ ತಂದ. ಮುಗಿದೇಬಿಡುತ್ತಾನೆ ಎಂದುಕೊಂಡೆ. ಅರ್ಧಕ್ಕೆ ತಂದ ಕೈಗಳನ್ನು ಅಂಗಿಗೆ ಒರೆಸಿಕೊಂಡ.

“ಭದ್ರಣ್ಣಾ, ಆವತ್ತು ನಿಮ್ಮ ನೆನಪೇ ನಂಗೆ ಇರ್ಲಿಲ್ಲ. ದೇವರ ಎದುರು ನಿಂತು ಹೇಳ್ತೆ. ಆದ್ರೆ ನೀವು ಗೋಡೆ ಕಟ್ಟಿದ ಮೇಲೆ, ಈಗ ಈ ಮಾತು ಆಡಿದ ಮೇಲೆ, ಯಾರಾದ್ರೂ ಕೇಳಿದ್ರೆ ಅದು ನಿಮ್ಮದಲ್ಲ ಅಂತ ಹೇಳೂಕೆ ನಂಗೆ ಬಾಯಿ ಬರೂದಿಲ್ಲ. ನಿಮ್ಮದೇ ಅಂತ ಬೇಕಾದ್ರೆ ಇಟ್ಕಳ್ಳಿ. ತಪ್ಪಾಯ್ತು ಅಂತ ಮಾತ್ರ ಅನ್ನೂದಿಲ್ಲ.”

“ಎಂತಕ್ಕೆ ಅನ್ನೂದಿಲ್ಲ?”

“ಈ ಊರಲ್ಲಿ ಸೋಗಿಗೆ ಯಾರೂ ತಪ್ಪಾಯ್ತು ಅಂದವರಿಲ್ಲ. ಇವತ್ತು ನಾ ಅಂದ್ರೆ ಮುಂದಿನ ಹೋಳಿಗೆ ಜುಟ್ಟು ಕಟ್ಟುವ ಮೊದಲೇ ಎಲ್ಲರೂ ನ್ಯಾಯಕ್ಕೆ ಬಂದು ನಿಮ್ಮ ಹತ್ರ ಕೇಳ್ಬೇಕಾಗ್ತದೆ, ಯಾರದ್ದು ಹಾಕ್ಲಿ ಅಂತ. ದಾರಿ ನನ್ನೊಬ್ಬನದ್ದು, ಹೋದ್ರೆ ಹೋಗ್ಲಿ. ಇದು ನನ್ನೊಬ್ಬನದ್ದಲ್ಲ.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅದೆಲ್ಲ ಸೂಟಿನವನ ಕಾರ್ಯಕ್ರಮದಲ್ಲಿ. ಇಲ್ಲಿ ಜನ ಚಪ್ಪಲಿ ಹುಡುಕಿಕೊಂಡು ಮನೆಗೆ ಹೋದರು.

ದೇವಿ ಹಾಳಿಯ ಮೇಲೆ ಮುಂದೆ ಮುಂದೆ ನಡೆದಳು, ಸುಭಾಷ ಹಿಂದೆ. ಮನೆ ಮುಟ್ಟಿದ ಮೇಲೆ, ಇಸ್ತ್ರಿ ಅಂಗಿಯನ್ನು ಅವನ ಮೈಯಿಂದ ಎಳೆದು ತೆಗೆಯುತ್ತ, “ಭಾರಿ ಶೂರ! ದಾರಿ ನಿಮ್ಮೊಬ್ಬರದ್ದಾ? ಹೊಟ್ಟೆ ಎಷ್ಟು ಜನರದ್ದು?” ಎಂದಳಂತೆ. ದಿವ್ಯಾ ಯಾರೋ ವಕೀಲರನ್ನು ಕೇಳಿ ಬಂದಳು. ಬಹುಕಾಲ ನಡೆದ ದಾರಿಯ ಮೇಲೆ ಹಕ್ಕು ಇದೆ, ದಾವೆ ಹಾಕಿದರೆ ಗೆಲ್ಲಬಹುದು ಎಂದರಂತೆ. ದಾವೆ ಹಾಕಿದ್ದಾರೆ. ಅದು ಗೆಲ್ಲುವ ಹೊತ್ತಿಗೆ ಗಿರಣಿಯ ಕಲ್ಲು ಉಳಿದಿರುತ್ತದೋ ಇಲ್ಲವೋ.

ಮೊದಲ ದಿನಗಳಲ್ಲಿ ಗಿರಣಿ ಸ್ಮಶಾನದಂತಿತ್ತು. ಸುಬ್ಬಲಕ್ಷ್ಮಿ ಅಮ್ಮ ಸಿದ್ದಾಪುರಕ್ಕೆ ಹೋಗತೊಡಗಿದರು, ಅವರ ಮಂಡಿನೋವಿಗೆ ಹಾಳಿ ಆಗುವುದಿಲ್ಲ. ತ್ಯಾಗಲಿಯ ಕಡೆಯವರೂ ನಿಂತರು. ಸುಭಾಷ ಮೋಟರಿಲ್ಲದ ನಿಶ್ಶಬ್ದದಲ್ಲಿ ಕೂತು ಪರದೇಶದ ಹಾಜರಿ ತೆಗೆದುಕೊಳ್ಳುತ್ತಿದ್ದ. ನಗುವ ಕಡೆ ನಗುತ್ತಿರಲಿಲ್ಲ. “ಅಂವ ಇಷ್ಟು ಬೈದೂ ಮನೆಗೆ ಹೋಗೂಕೆ ರಸ್ತೆ ಅದೆ, ನೋಡಿ” ಎಂದು ಒಮ್ಮೆ ನನಗೆ ಹೇಳಿದ.

ಗೋಡೆಯನ್ನು ಮೊದಲು ಸೋಲಿಸಿದವಳು ದೇವಕ್ಕ. ಹಾಳಿಯ ಸುತ್ತು ಸುತ್ತಲಾರದೆ, ರಸ್ತೆಯ ಕಡೆಯಿಂದಲೇ ಬಂದು ಚೀಲವನ್ನು ಗೋಡೆಯ ಮೇಲಿಟ್ಟು ಕೂಗಿದಳು: “ದೇವೀ, ತಕಾ!” ದೇವಿ ಒಳಗಿನಿಂದ ಬಂದು, ಮೂಟೆಗೆ ಭುಜ ಕೊಟ್ಟು ಇಳಿಸಿಕೊಂಡಳು. ನೆಲದಿಂದ ಎತ್ತುವುದಕ್ಕಿಂತ ಸುಲಭ! ಭದ್ರಣ್ಣನ ಗೌಂಡಿಗಳು ಚೀಲ ಇಡಲೆಂದೇ ಕಟ್ಟಿದಂಥ ಎತ್ತರ. ಸುದ್ದಿ ಹಬ್ಬಿತು. ಅಲ್ಲಿ ನಿಂತು ಕೊಟ್ಟವರು ಅಲ್ಲೇ ನಿಂತು ತೆಗೆದುಕೊಂಡು ಹೋದರು. ಎಲ್ಲರೂ ಬರಲಿಲ್ಲ, ಅರ್ಧ ಬಂದರು. ಬಂದವರಲ್ಲಿ ಕೆಲವರು ಅತ್ತಿತ್ತ ನೋಡಿ, ಭದ್ರಣ್ಣನ ಜೀಪು ಇಲ್ಲ ಎಂದು ಖಾತ್ರಿ ಮಾಡಿಕೊಂಡು ಬಂದರು. ಸಭೆಯಲ್ಲಿ ‘ಅದೂ ಸರಿಯೇ’ ಎಂದ ಹಿರಿಯರಿಗೂ ರೊಟ್ಟಿ ಬೇಕಲ್ಲ. ಅವರು ಸೊಸೆಯರನ್ನು ಕಳಿಸಿದರು.

ಮೊನ್ನೆ ನಾನು ನಮ್ಮ ಚೀಲ ಹೊತ್ತು ಹೋದಾಗ ಗೋಡೆಯ ಹತ್ತಿರ ಹೊಸ ಕೆಂಪುಕಲ್ಲಿನ ರಾಶಿ ಬಿದ್ದಿತ್ತು. ಅದರ ಪಕ್ಕದಲ್ಲಿ ಮಹೇಶ್ವರಿ ನಿಂತಿದ್ದಳು. ಭದ್ರಣ್ಣನ ಹೆಂಡತಿ, ತಲೆಯ ಮೇಲೆ ಅಕ್ಕಿಯ ಮೂಟೆ. ಸುಭಾಷ ಗೋಡೆಯ ಆಚೆಯಿಂದ ಅವಳನ್ನು ನೋಡಿ ಹಿಂದೆ ಸರಿದ.

“ಎಂತದಾ ಸುಭಾಷಾ, ಹಂಗೆ ನೋಡ್ತೆ? ಹಿಡಕಾ” ಎಂದಳು ಅವಳು, ಮೂಟೆಯನ್ನು ಗೋಡೆಗೆ ಏರಿಸುತ್ತ. “ಸಿದ್ದಾಪುರದ ಹಿಟ್ಟಲ್ಲಿ ರೊಟ್ಟಿ ಮಾಡಿದ್ರೆ ಅವರಿಗೆ ಗಂಟಲಲ್ಲಿ ಇಳಿಯೂದಿಲ್ಲ. ಎಲ್ಲಿಂದ ತಂದೆ ಅಂತ ಕೇಳ್ತಾರೆ, ನಾ ಹೇಳೂದಿಲ್ಲ. ಗೊತ್ತಾದ್ರೂ ಅವರು ಮತ್ತೆ ಕೇಳೂದಿಲ್ಲ.”

ಸುಭಾಷ ಮೂಟೆಗೆ ಕೈಹಾಕಿದ. ಅವನ ರೆಪ್ಪೆಗಳು ಮತ್ತೆ ಬಿಳಿಯಾಗಿದ್ದವು.

“ನುಣ್ಣಗೆ ಬೀಸು. ಮತ್ತೆ ಇವತ್ತು ಸಂಜೆ ಒಳಗೇ ಕೊಡು” ಎಂದು ಮಹೇಶ್ವರಿ ಸೆರಗು ಸರಿಮಾಡಿಕೊಂಡು ಕಲ್ಲಿನ ರಾಶಿಯನ್ನು ಕಾಲಿನಿಂದ ತೋರಿಸಿದಳು. “ನಾಳೆ ಗೌಂಡಿಗಳು ಬತ್ತಾರೆ. ಇನ್ನೂ ಎರಡು ಸಾಲು ಏರಿಸ್ತಾರಂತೆ. ಆಮೇಲೆ ನನಗೆ ಎಟುಕೂದಿಲ್ಲ.”